ಅವ್ವ ತ್ಯಾಗಮಯಿಯಲ್ಲ

ಅವ್ವನ ಹನ್ನೊಂದನೇ ದಿನಕ್ಕೆ ಫ್ಲೆಕ್ಸ್ ಮಾಡಿಸಲು ಹೋದಾಗ ಅಂಗಡಿಯ ಹುಡುಗ ಕೇಳಿದ್ದು ಮೂರೇ: ಹೆಸರು, ಫೋಟೊ, ತೀರಿಕೊಂಡ ದಿನ. ಉಳಿದ ಮಾತೆಲ್ಲ ಅವನ ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧವಾಗಿತ್ತು. ತ್ಯಾಗಮಯಿ, ಕರುಣಾಮಯಿ, ಸಹನಾಮೂರ್ತಿ, ತನಗಾಗಿ ಏನನ್ನೂ ಬಯಸದ ಮಹಾತಾಯಿ. ಹಿಂದಿನ ವಾರ ಇನ್ಯಾರದೋ ತಾಯಿಗೆ ಬಳಸಿದ್ದ ಅದೇ ಸಾಲುಗಳ ಮೇಲಿಂದ ಆ ಫೋಟೊ ತೆಗೆದು ಅವ್ವನ ಫೋಟೊ ಕೂರಿಸಿದ. ಎರಡು ನಿಮಿಷದ ಕೆಲಸ. ದುಡ್ಡು ಕೊಟ್ಟು, ಸುತ್ತಿಸಿಕೊಂಡು ಬಂದೆ. ಹುಡುಗನ ತಪ್ಪೇನೂ ಇಲ್ಲ. ನಾವೆಲ್ಲ ಅವನ ಹತ್ತಿರ ಕೇಳುವುದೇ ಅದನ್ನು.

ಕಾರ್ಯದ ದಿನ ಊಟವಾದ ಮೇಲೆ ಊರಿನ ಹಿರಿಯರು ನಾಲ್ಕು ಮಾತಾಡಿದರು. ತನ್ನ ಹೊಟ್ಟೆ ಕಟ್ಟಿ ಮಕ್ಕಳ ಹೊಟ್ಟೆ ತುಂಬಿಸಿದವಳು ಎಂದರು. ಒಂದು ದಿನಕ್ಕೂ ನನಗಿದು ಬೇಕು ಅಂತ ಬಾಯಿ ಬಿಟ್ಟವಳಲ್ಲ ಎಂದರು. ದೊಡ್ಡ ಮನಸ್ಸಿನವಳು ಎಂದರು. ಸೋದರಮಾವ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. ಆ ಕಣ್ಣೀರು ನಿಜ. ಆಡಿದ ಮಾತು ಮಾತ್ರ ಸುಳ್ಳು. ಅದು ಸುಳ್ಳು ಎಂದು ಆ ದಿನ ಎದ್ದುನಿಂತು ಹೇಳುವ ಧೈರ್ಯ ನನಗಾಗಲಿಲ್ಲ, ಈಗ ಹೇಳುತ್ತಿದ್ದೇನೆ.

ನನ್ನವ್ವ ಬಯಸಿದ್ದಳು. ನಾಲ್ಕನೇ ಕ್ಲಾಸಿಗೆ ಬಿಡಿಸಿದಾಗ ಐದಕ್ಕೆ ಹೋಗುತ್ತೇನೆಂದು ಎರಡು ದಿನ ಉಪವಾಸ ಕೂತಿದ್ದಳಂತೆ. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ಬೇಕೆಂದು ಅಪ್ಪನ ಹತ್ತಿರ ವರ್ಷಗಟ್ಟಲೆ ಕೇಳಿದ್ದು ನನ್ನ ಕಿವಿಯಲ್ಲೇ ಇದೆ. ಸಮುದ್ರ ನೋಡಬೇಕು ಎನ್ನುತ್ತಿದ್ದಳು. ಬಾವಿಗೆ ಕರೆಂಟ್ ಮೋಟರು ಬಂದ ವರ್ಷ ಹೊಲದ ಒಂದು ಮೂಲೆಯಲ್ಲಿ ತನಗೇ ಅಂತ ಹೂವಿನ ಬೆಳೆ ಇಟ್ಟುಕೊಳ್ಳುತ್ತೇನೆ, ಆ ದುಡ್ಡು ಯಾರೂ ಕೇಳಬಾರದು ಎಂದು ಜಗಳವನ್ನೇ ಆಡಿದ್ದಳು. ಸಿಟ್ಟು ಬಂದರೆ ಮೂರು ಮನೆಗೆ ಕೇಳುವಂತೆ ಬೈಯುತ್ತಿದ್ದಳು. ಇಂಥವಳನ್ನು ಬಾಯಿ ಬಿಟ್ಟವಳಲ್ಲ ಎನ್ನಬೇಕಾದರೆ ನಾವೆಲ್ಲ ಎಪ್ಪತ್ತು ವರ್ಷ ಕಿವಿಗೆ ಹತ್ತಿ ಇಟ್ಟುಕೊಂಡಿರಬೇಕು.

ತ್ಯಾಗ ಎಂಬ ಮಾತಿಗೊಂದು ಅರ್ಥವಿದೆ. ಕೈಯಲ್ಲಿ ಇರಬೇಕು, ಇಟ್ಟುಕೊಳ್ಳುವ ಶಕ್ತಿಯೂ ಇರಬೇಕು, ಆಮೇಲೆ ತಾನಾಗಿ ಬಿಡಬೇಕು. ಕೈಗೇ ಬಾರದ್ದನ್ನು, ಬಂದರೂ ಕಿತ್ತುಕೊಂಡದ್ದನ್ನು ತ್ಯಾಗ ಎನ್ನುವುದು ಕಿತ್ತುಕೊಂಡವರಿಗೆ ಮಾಡುವ ಉಪಕಾರ. ನಮ್ಮ ಜನಪದಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ‘ಕೆರೆಗೆ ಹಾರ’ ಹಾಡಿನಲ್ಲಿ ಕೆರೆಗೆ ನೀರು ಬರಲು ಯಾರನ್ನು ಕೊಡಬೇಕು ಎಂಬ ತೀರ್ಮಾನ ಭಾಗೀರಥಿಯದಲ್ಲ. ಹಿರಿಯರು ಕೂತು, ಹಿರಿ ಸೊಸೆಯನ್ನು ದಾಟಿ, ಕಿರಿ ಸೊಸೆಯ ಹತ್ತಿರ ಬಂದು ನಿಲ್ಲುತ್ತಾರೆ. ಹಾಡು ಹೆಜ್ಜೆ ಹೆಜ್ಜೆಗೂ ಅದನ್ನು ನೆನಪಿಸುತ್ತದೆ, ಕೊನೆಗೆ ದಂಡಿನಿಂದ ಬಂದ ಗಂಡನೂ ಅದೇ ಕೆರೆಗೆ ಹಾರುವ ತನಕ ಬಿಡುವುದಿಲ್ಲ. ಆ ಹಾಡನ್ನು ಬೀಸುವಾಗ, ಕುಟ್ಟುವಾಗ ಹಾಡಿಕೊಂಡ ಹೆಂಗಸರಿಗೆ ಬಲಿ ಯಾವುದು, ಬಲಿ ಕೊಟ್ಟವರು ಯಾರು ಎಂಬ ಬಗ್ಗೆ ಗೊಂದಲವಿರಲಿಲ್ಲ. ಮೆತ್ತಗಿನ ಮಾತುಗಳ ಫ್ಲೆಕ್ಸ್ ಬರೆಸುವ ನಾವು ಮಾತ್ರ ಬಲಿಗೆ ತ್ಯಾಗವೆಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದೇವೆ.

ದೊಡ್ಡ ಮನಸ್ಸು ಎಂದರಲ್ಲ, ಆ ಮಾತು ಬಂದದ್ದು ಎಲ್ಲಿಂದ ಎಂದು ನನಗೆ ಗೊತ್ತು. ಅವ್ವನ ತಂದೆ ತೀರಿಕೊಂಡದ್ದು ಎಪ್ಪತ್ತರ ದಶಕದಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಲ್ಲೇ ಬಂದಿತ್ತು. ತಂದೆಯ ಪಾಲಿಗೆ ಬರುವ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಇತ್ತು. ಅದಕ್ಕೂ ಮುಂಚೆ, 1933ರಲ್ಲೇ, ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಮಾಡಿ, ಭಾಗ ಆಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಹೇಳಿತ್ತು. 1994ರಲ್ಲಿ ಕರ್ನಾಟಕ ಒಂದು ತಿದ್ದುಪಡಿ ತಂದಿತು, 2005ರಲ್ಲಿ ಇಡೀ ದೇಶಕ್ಕೇ ಬಂತು. ಕಾನೂನಿಗೆ ಇಲ್ಲಿ ಬರಗಾಲವಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಮಾವಂದಿರು ಸೀರೆ, ಎಲೆ ಅಡಿಕೆ, ಎರಡು ಕೊನೆ ಬಾಳೆಹಣ್ಣು ತಂದರು. ಜೊತೆಗೆ ಒಂದು ಸ್ಟ್ಯಾಂಪ್ ಪೇಪರು. ನನಗಾಗ ಹತ್ತು ವರ್ಷ, ಜಗಲಿಯ ಮೇಲೆ ಮಗ್ಗಿ ಬರೆಯುತ್ತಿದ್ದೆ. ಅವ್ವ ಅರ್ಧ ದಿನ ಅಡುಗೆಮನೆಯಿಂದ ಆಚೆ ಬರಲಿಲ್ಲ. ಅಪ್ಪ ಒಳಗೆ ಹೋಗಿ ಏನೋ ಹೇಳಿದರು. ಗೌರಿಹಬ್ಬಕ್ಕೆ ಬಾಗಿನ ಬೇಕೋ, ಗದ್ದೆ ಬೇಕೋ ಎಂದು ದೊಡ್ಡ ಮಾವ ಕೇಳಿದ್ದು ನನಗೆ ಕೇಳಿಸಿತು. ಆಮೇಲೆ ಅವ್ವ ಬಂದು ಸಹಿ ಹಾಕಿದಳು. ನಾಲ್ಕನೇ ಕ್ಲಾಸಿನವರೆಗೆ ಕಲಿತ ಕೈ, ದುಂಡಗೆ ಬರೆಯುತ್ತಿತ್ತು.

ತವರಿನ ಬಾಗಿಲೋ ತವರಿನ ಮಣ್ಣೋ ಎಂದು ಎರಡರಲ್ಲಿ ಒಂದನ್ನು ಆರಿಸಲು ಹೇಳಿ, ಬಾಗಿಲನ್ನು ಆರಿಸಿದವಳನ್ನು ದೊಡ್ಡ ಮನಸ್ಸಿನವಳು ಎನ್ನುವುದು ಯಾವ ನ್ಯಾಯ? ಗಂಡುಮಕ್ಕಳಿಗೆ ಯಾರಾದರೂ ಈ ಪ್ರಶ್ನೆ ಕೇಳಿದ್ದಾರೆಯೇ? ಅವರು ಪಾಲನ್ನೂ ಇಟ್ಟುಕೊಂಡರು, ಅಕ್ಕನ ಮನೆಗೆ ಬಂದು ಹಬ್ಬದೂಟವನ್ನೂ ಉಂಡರು. ಅವರಲ್ಲಿ ಯಾರನ್ನೂ ಯಾರೂ ಸಣ್ಣ ಮನಸ್ಸಿನವರು ಎನ್ನಲಿಲ್ಲ. ಹನ್ನೊಂದನೇ ದಿನ ಕಣ್ಣೊರೆಸಿಕೊಂಡ ಮಾವನಿಗೆ ಆ ಗದ್ದೆಯಲ್ಲಿ ಈಗ ತೆಂಗಿನ ತೋಟವಿದೆ.

ಹೊಟ್ಟೆ ಕಟ್ಟಿದ ಮಾತಿಗೆ ಬರೋಣ. ಎಲ್ಲರೂ ಉಂಡ ಮೇಲೆ ಉಣ್ಣುವುದು, ಮಿಕ್ಕಿದ್ದನ್ನು ಉಣ್ಣುವುದು, ಮಿಗದಿದ್ದರೆ ಮುದ್ದೆಗೆ ಉಪ್ಪು ಖಾರ ಹಚ್ಚಿಕೊಂಡು ಮುಗಿಸುವುದು. ಇದನ್ನು ನಾವು ಹಾಡಿ ಹೊಗಳುತ್ತೇವೆ. ಈ ಹೊಗಳಿಕೆಯ ಲೆಕ್ಕ ರಕ್ತದಲ್ಲಿ ಬರೆದಿದೆ. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಹೆಂಗಸರ ದೇಹಕ್ಕೆ ಕಬ್ಬಿಣಾಂಶ ಹೆಚ್ಚು ಬೇಕು ಎಂಬುದು ಸರಿ. ಹೆಚ್ಚು ಬೇಕಾದವರ ತಟ್ಟೆಗೆ ಕೊನೆಯಲ್ಲಿ, ಕಡಿಮೆ ಬಡಿಸುವುದು ಹಾಗಾದರೆ ಇನ್ನೂ ದೊಡ್ಡ ತಪ್ಪಲ್ಲವೇ? ಅವ್ವ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಲ್ಲುತ್ತಿದ್ದುದನ್ನು ನಾನು ವಯಸ್ಸು ಅಂದುಕೊಂಡಿದ್ದೆ. ಆಗ ಅವಳಿಗಿನ್ನೂ ನಲವತ್ತಾಗಿರಲಿಲ್ಲ.

ಈ ಹೊಗಳಿಕೆಯ ಇನ್ನೊಂದು ಅನ್ಯಾಯ ಇದಕ್ಕಿಂತ ಆಳದ್ದು. ಅದು ಅವಳಿಗೆ ಬರುತ್ತಿದ್ದ ವಿದ್ಯೆಯನ್ನೇ ಅಳಿಸಿಹಾಕುತ್ತದೆ. ತ್ಯಾಗಮಯಿಗೆ ಮನಸ್ಸು ಮಾತ್ರ ಇರುತ್ತದೆ, ಬುದ್ಧಿ ಇರುವುದಿಲ್ಲ. ನನ್ನವ್ವನ ಬುದ್ಧಿಯನ್ನು ನೋಡಬೇಕಾದರೆ ಅಟ್ಟ ಹತ್ತಬೇಕಿತ್ತು.

ನಮ್ಮದು ತುಮಕೂರು ಸೀಮೆಯ ಮಳೆಯಾಶ್ರಯದ ಹೊಲ. ರಾಗಿಯೊಳಗೆ ಅಕ್ಕಡಿ ಸಾಲು ಹಾಕುವುದು ಅಲ್ಲಿನ ವಾಡಿಕೆ: ಇಷ್ಟು ಸಾಲು ರಾಗಿ, ಒಂದು ಸಾಲು ಅವರೆ, ಅದರೊಳಗೆ ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಜೋಳ, ಸಾಸಿವೆ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಮನೆ ಉಳಿಸುತ್ತದೆ. ನೇಗಿಲು ಹಿಡಿದವರು ಅಪ್ಪ. ಯಾವ ಸಾಲಿಗೆ ಯಾವ ಬೀಜ, ಎಷ್ಟು, ಈ ಸಲ ಅವರೆ ಹೆಚ್ಚಿಸಬೇಕೋ ತೊಗರಿಯೋ ಎಂದು ಹೇಳುತ್ತಿದ್ದವಳು ಅವ್ವ. ಕೊಯ್ಲಿಗೆ ಮುಂಚೆ ಹೊಲದಲ್ಲಿ ನಡೆದು ಬೀಜದ ತೆನೆಗಳನ್ನು ನಿಂತ ಗಿಡದಲ್ಲೇ ಗುರುತು ಮಾಡುತ್ತಿದ್ದಳು. ತುಂಬಿದ ತೆನೆಯನ್ನೆಲ್ಲ ಆರಿಸುತ್ತಿರಲಿಲ್ಲ, ಯಾಕೆಂದು ಕೇಳಿದರೆ ‘ಈ ಗಿಡ ಬದುವಿನ ನೀರು ಕುಡಿದು ಹಿಂಗಾಗೈತೆ, ನಂಬಂಗಿಲ್ಲ’ ಎನ್ನುತ್ತಿದ್ದಳು. ಚೆನ್ನಾಗಿ ಬೆಳೆದದ್ದು ಬೀಜದ ಗುಣದಿಂದಲೋ ಜಾಗದ ಗುಣದಿಂದಲೋ ಎಂದು ಬೇರೆ ಮಾಡಿ ನೋಡುವುದು ಕೃಷಿ ವಿಜ್ಞಾನದ ಮೊದಲ ಪಾಠ. ನಾನು ಅದನ್ನು ಕಾಲೇಜಿನಲ್ಲಿ ಕಲಿತೆ. ಕಲಿತ ದಿನ ಕೂಡ ಅವ್ವ ನೆನಪಾಗಲಿಲ್ಲ ಎಂಬುದು ನನಗೀಗ ಸಂಕಟ.

ಒಣಗಿಸುವುದರಲ್ಲೂ ಹದ. ಅವರೆ, ತೊಗರಿಯನ್ನು ಕೆಮ್ಮಣ್ಣಿನ ರಾಡಿಯಲ್ಲಿ ಹೊರಳಿಸಿ ಬಿಸಿಲಿಗೆ ಹರಡುತ್ತಿದ್ದಳು, ಹುಳ ಕೊರೆಯದಂತೆ. ಚಿಕ್ಕ ಬೀಜಕ್ಕೆ ಒಲೆಯ ಬೂದಿ. ಗುಡಾಣದ ಬಾಯಿಗೆ ಹೊಂಗೆ ಎಲೆ, ಬೇವಿನ ಎಲೆ, ಮೇಲೆ ಸಗಣಿ ಮೆತ್ತಿದ ಮುಚ್ಚಳ. ಗಂಟುಗಳನ್ನು ಒಲೆಯ ನೇರಕ್ಕೆ ಅಟ್ಟದ ತೊಲೆಗೆ ಕಟ್ಟುತ್ತಿದ್ದಳು, ದಿನವೂ ಹೊಗೆ ತಾಗಲೆಂದು. ಅಮಾವಾಸ್ಯೆ ಬಿಸಿಲಿಗೆ ಒಂದು ಸಲ ತೆಗೆದು ನೋಡುವುದು. ಊರಿನ ಹನ್ನೆರಡು ಮನೆ ಬೀಜಕ್ಕೆ ನಮ್ಮನೆ ಬಾಗಿಲಿಗೆ ಬರುತ್ತಿತ್ತು. ಕೊಟ್ಟದ್ದಕ್ಕೆ ಒಂದೂವರೆ ಪಟ್ಟು ವಾಪಸು, ಅವಳ ಲೆಕ್ಕ ಗೋಡೆಯ ಮೇಲೆ ಇದ್ದಿಲ ಗೆರೆಯಲ್ಲಿ. ಕೊಡದವರ ಗೆರೆಗೆ ಅಡ್ಡಗೆರೆ ಬೀಳುತ್ತಿತ್ತು, ಅವರಿಗೆ ಮುಂದಿನ ವರ್ಷ ಬೀಜವಿಲ್ಲ. ಕರುಣಾಮಯಿ ಎಂದು ಬರೆಸಿದೆನಲ್ಲ, ಆ ಅಡ್ಡಗೆರೆಗಳನ್ನು ನೋಡಿದ ಯಾರೂ ಹಾಗೆ ಬರೆಯಲಾರರು. ಅವಳು ಒಂದು ಊರಿನ ಬೀಜದ ಬ್ಯಾಂಕನ್ನು ಮೂವತ್ತು ವರ್ಷ ಮುಳುಗದಂತೆ ನಡೆಸಿದವಳು.

ಕಾರ್ಯ ಮುಗಿದ ಮೇಲೆ ಅಟ್ಟದಲ್ಲಿ ಐದು ಗಂಟು ಸಿಕ್ಕವು. ಮೂರನ್ನು ಗುರುತಿಸಿದೆವು. ಇನ್ನೆರಡು ಅವರೆ ಜಾತಿಯವೇ, ಆದರೆ ಯಾವ ಅವರೆ, ಯಾವ ತಿಂಗಳಿಗೆ ಹಾಕುವುದು, ಏಕೆ ಬೇರೆ ಬೇರೆ ಕಟ್ಟಿದ್ದಳು ಎಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಮಹಾತಾಯಿ ಎಂದು ಅವಳನ್ನು ಹೊಗಳುತ್ತಾ ಬಂದ ನಾವು ಒಂದು ದಿನವೂ ಅವಳ ಪಕ್ಕ ಕೂತು ಇದರ ಹೆಸರೇನವ್ವ ಎಂದು ಕೇಳಿರಲಿಲ್ಲ.

ತಾಯಿಯ ದುಡಿಮೆಗೆ ಬೆಲೆ ಕಟ್ಟಬಾರದು ಎಂಬ ಮಾತೊಂದಿದೆ. ಕೇಳಲು ಎತ್ತರದ ಮಾತು. ಬೆಲೆ ಕಟ್ಟಲಾಗದ್ದು ಎಂದವರೇ ಕೊನೆಗೆ ಬೆಲೆಯಿಲ್ಲದ್ದು ಎಂದು ಬರೆದಿಡುತ್ತಾರೆ. 2001ರ ಜನಗಣತಿ ಮನೆಗೆಲಸದಲ್ಲಿರುವ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಜೊತೆ ಉತ್ಪಾದನೆಯಿಲ್ಲದವರ ಗುಂಪಿಗೆ ಸೇರಿಸಿತ್ತು. 2010ರಲ್ಲಿ ಅರುಣ್ ಕುಮಾರ್ ಅಗರ್‌ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಇದನ್ನು ಕಟುವಾಗಿಯೇ ಖಂಡಿಸಿದರು. ಮೋಟಾರು ವಾಹನ ಕಾಯ್ದೆಯಲ್ಲಿ, ಅಪಘಾತದಲ್ಲಿ ಸತ್ತ ಗೃಹಿಣಿಯ ದುಡಿಮೆಯೆಂದರೆ ಗಂಡನ ಸಂಪಾದನೆಯ ಮೂರರಲ್ಲೊಂದು ಭಾಗ ಎಂಬ ಲೆಕ್ಕವಿತ್ತು. ಕೂಲಿಯ ಹೆಂಡತಿ ಮತ್ತು ಗುಮಾಸ್ತೆಯ ಹೆಂಡತಿ ಅಷ್ಟೇ ಮುದ್ದೆ ತೊಳಸಿದರೂ ಒಬ್ಬಳ ಕೈ ಅಗ್ಗ, ಒಬ್ಬಳದು ತುಟ್ಟಿ. 2001ರ ಲತಾ ವಾಧ್ವಾ ತೀರ್ಪಿನಲ್ಲಿ, 1989ರ ಜಮ್‌ಷೆಡ್‌ಪುರದ ಬೆಂಕಿಯಲ್ಲಿ ಸತ್ತ ಗೃಹಿಣಿಯರ ಸೇವೆಯನ್ನು ಕೋರ್ಟು ತಿಂಗಳಿಗೆ 3,000 ರೂಪಾಯಿ ಎಂದು ಅಳೆಯಿತು. 2021ರ ಕೀರ್ತಿ ಪ್ರಕರಣದಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಸರ್ಕಾರದ ಸಮಯ ಬಳಕೆ ಸಮೀಕ್ಷೆಯನ್ನೇ ಎದುರಿಟ್ಟುಕೊಂಡು ಬರೆದರು. 2019ರ ಆ ಸಮೀಕ್ಷೆಯಂತೆ ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ, ಗಂಡಸು 97 ನಿಮಿಷ. ಐದು ವರ್ಷದ ನಂತರ ಮತ್ತೆ ಅಳೆದಾಗ ಹೆಂಗಸಿನದು 289ಕ್ಕೆ ಇಳಿದಿತ್ತು. ಗಂಡಸಿನದು ಏರಿರಲಿಲ್ಲ, 88ಕ್ಕೆ ಇಳಿದಿತ್ತು.

ಬೆಲೆ ಕಟ್ಟಬಾರದು ಎನ್ನುವವರನ್ನು ನಾನು ಇನ್ನೊಂದು ಸಂದರ್ಭದಲ್ಲೂ ಕಂಡೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾಗಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿದಾಗ, ಬಿಟ್ಟಿ ದುಡ್ಡಿಗೆ ಹೆಂಗಸರು ಕೆಟ್ಟರು ಎಂದು ಊರ ಕಟ್ಟೆಯ ಮೇಲೆ ಕೂತು ಹೇಳಿದವರು ಅವರೇ. ಸರ್ಕಾರದ ಯೋಜನೆಯ ಬಗ್ಗೆ ಬೇರೆ ತಕರಾರು ಇರಬಹುದು, ನನಗೂ ಇದೆ. ಆದರೆ ಬೆಳಗಿನ ಜಾವದಿಂದ ದುಡಿದವಳ ಕೈಗೆ ಮೊದಲ ಸಲ ಅವಳ ಹೆಸರಿನಲ್ಲಿ ಬಂದ ದುಡ್ಡು ಬಿಟ್ಟಿ ಎಂದವರು ಅದೇ ಬಾಯಲ್ಲಿ ತಾಯಿ ದೇವರು ಎನ್ನಬಾರದು. ಅವ್ವ ಆ ದುಡ್ಡಿನಲ್ಲಿ ಮೊದಲು ಮಾಡಿದ ಕೆಲಸ ಕನ್ನಡಕ ಬದಲಾಯಿಸಿದ್ದು. ಮೂರು ವರ್ಷದಿಂದ ನಮಗೆ ಹೇಳುತ್ತಲೇ ಇದ್ದಳು.

ಇದೆಲ್ಲ ನಮ್ಮ ಸಂಸ್ಕೃತಿಗೆ ಹೊರಗಿನ ವಾದ, ತಾಯಿಯನ್ನು ತ್ಯಾಗದಿಂದ ನೆನೆಯುವುದೇ ನಮ್ಮ ಪರಂಪರೆ ಎಂದು ಒಬ್ಬ ನೆಂಟರು ನನಗೆ ಹೇಳಿದರು. ಪರಂಪರೆಯ ಮಾತಾದರೆ ಪರಂಪರೆಯಲ್ಲೇ ಉತ್ತರ ಕೊಡುತ್ತೇನೆ. ಗಯೆಯಲ್ಲಿ ತಾಯಿಗೆಂದೇ ಹದಿನಾರು ಪಿಂಡ ಇಡುವ ಮಾತೃ ಷೋಡಶಿ ಎಂಬ ವಿಧಿಯಿದೆ. ಒಂದೊಂದು ಪಿಂಡಕ್ಕೆ ಒಂದೊಂದು ಕಷ್ಟದ ಹೆಸರು: ತುಂಬಿದ ಬಸಿರಲ್ಲಿ ಹೆಜ್ಜೆ ಕಿತ್ತಿಟ್ಟದ್ದು, ಹೆರಿಗೆಯ ನೋವು, ಕುಡಿದ ಕಹಿ ಮದ್ದು, ನಿದ್ದೆಗೆಟ್ಟ ರಾತ್ರಿ, ಮಗು ಒದ್ದೆ ಮಾಡಿದ ಹಾಸಿಗೆಯಲ್ಲಿ ಮಲಗಿದ್ದು. ಮಗ ಒಂದೊಂದನ್ನೂ ಬಿಡಿಸಿ ಹೇಳಿ, ಇದು ನನ್ನಿಂದ ನಿನಗಾದದ್ದು ಎಂದು ಒಪ್ಪಿಕೊಳ್ಳಬೇಕು. ಅಲ್ಲಿ ತ್ಯಾಗಮಯಿ ಎಂದು ಒಂದೇ ಮಾತಿನಲ್ಲಿ ಮುಗಿಸಲು ಬಿಡುವುದಿಲ್ಲ. ಹದಿನಾರು ಸಲ ಲೆಕ್ಕ ಕೊಡಬೇಕು. ಅದನ್ನು ಕಟ್ಟಿದವರಿಗೆ ಸಾಲ ಎಂದರೇನು ಎಂದು ಗೊತ್ತಿತ್ತು.

ಕನ್ನಡ ನಾಡಿನದೇ ಬೇಕೆಂದರೆ ಅಕ್ಕ ತಂಗಿಯರ ಕಥೆಯೊಂದಿದೆ. ಹತ್ತನೇ ಶತಮಾನದ ಚಾಲುಕ್ಯರ ನಾಡಿನಲ್ಲಿ ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರೂ ನಾಗದೇವನೆಂಬ ವೀರನ ಹೆಂಡಿರು. ಅವನು ಯುದ್ಧದಲ್ಲಿ ಸತ್ತಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಸಾಕಲು ಉಳಿದಳು, ಮತ್ತು ಸುಮ್ಮನೆ ಉಳಿಯಲಿಲ್ಲ. ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು, ರನ್ನನಿಗೆ ಆಶ್ರಯ ಕೊಟ್ಟಳು, ಅವನು ‘ಅಜಿತಪುರಾಣ’ ಬರೆದು ಅದರಲ್ಲಿ ಅವಳನ್ನೇ ಕೊಂಡಾಡಿದ. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು, ಅದು ಇಂದಿಗೂ ನಿಂತಿದೆ. ತ್ಯಾಗವೇ ಹೆಣ್ಣಿನ ಹಿರಿಮೆಯಾಗಿದ್ದರೆ ಸಾವಿರ ವರ್ಷದಿಂದ ಕನ್ನಡ ನಾಡು ಗುಂಡಮಬ್ಬೆಯ ಹೆಸರು ಹೇಳಬೇಕಿತ್ತು. ಹೇಳುತ್ತಿರುವುದು ಅತ್ತಿಮಬ್ಬೆಯ ಹೆಸರನ್ನು. ಊರೂರಿನ ಮಾಸ್ತಿಗಲ್ಲುಗಳಲ್ಲಿ ಬಳೆ ತೊಟ್ಟ ತೋಳೊಂದೇ ಕೆತ್ತಿರುತ್ತದೆ, ಎಷ್ಟೋ ಕಲ್ಲಿನಲ್ಲಿ ಅದು ಯಾರ ತೋಳು ಎಂದೂ ತಿಳಿಯುವುದಿಲ್ಲ. ನಮ್ಮ ಫ್ಲೆಕ್ಸುಗಳು ಆ ಕಲ್ಲುಗಳ ವಂಶದವು.

ಲಂಕೇಶರ ‘ಅವ್ವ’ ಕವಿತೆಯನ್ನು ನಾವು ಕನ್ನಡಿಗರು ಬಾಯಿಪಾಠ ಮಾಡಿಕೊಂಡಿದ್ದೇವೆ. ಅಲ್ಲಿ ಮಗ ತಾಯಿಯನ್ನು ಪುರಾಣದ ಸತಿಯರ ಸಾಲಿಗೆ ಸೇರಿಸಲು ಒಪ್ಪುವುದಿಲ್ಲ, ಹೊಲ, ದನ, ಕೂಲಿ, ಸಿಟ್ಟು, ಜಗಳಗಳ ನಡುವೆ ಅವಳನ್ನು ನಿಲ್ಲಿಸುತ್ತಾನೆ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಊರನ್ನೇ ಜಾಲಾಡುತ್ತಾಳೆ, ಏಕೆಂದರೆ ಅದು ಅವಳದು. ಇವನ್ನು ಓದಿ ಮೆಚ್ಚಿದ ಓದುಗರೇ ತಮ್ಮ ತಾಯಿ ತೀರಿಕೊಂಡಾಗ ಸಹನಾಮೂರ್ತಿ ಎಂದು ಬರೆಸುತ್ತೇವೆ. ಪುಸ್ತಕದ ಅವ್ವನಿಗೆ ಸಿಟ್ಟು ಇರಬಹುದು, ನಮ್ಮ ಅವ್ವನಿಗೆ ಇರಕೂಡದು.

ಅಜ್ಜಿಯ ವಿಷಯ ಹೇಳದೆ ಇದು ಮುಗಿಯದು. ಮೊಮ್ಮಕ್ಕಳೆಂದರೆ ಪ್ರಾಣ ಎಂಬ ಮಾತಿನ ಕೆಳಗೆ ಒಂದು ದೊಡ್ಡ ಸುಲಿಗೆ ನಡೆದಿದೆ, ಅದರಲ್ಲಿ ನಾನೂ ಪಾಲುದಾರ. ನನ್ನ ಮಗಳು ಹುಟ್ಟಿದಾಗ, ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಅವ್ವನನ್ನು ಬೆಂಗಳೂರಿಗೆ ಕರೆತಂದೆವು. ಆರು ತಿಂಗಳಿಗೆಂದು ಕರೆದದ್ದು ನಾಲ್ಕು ವರ್ಷವಾಯಿತು. ಪ್ರತಿ ವರ್ಷ ರೋಹಿಣಿ ಮಳೆ ಬಂತೆಂದರೆ ಅವಳು ಬಾಲ್ಕನಿಯಲ್ಲಿ ನಿಂತು ಊರಿಗೆ ಹೋಗ್ತೀನಿ ಕಣಪ್ಪ ಎನ್ನುತ್ತಿದ್ದಳು. ಮಗುವನ್ನು ಬಿಟ್ಟಿರ್ತೀಯಾ ಎಂದು ನಾನು ಕೇಳುತ್ತಿದ್ದೆ. ಅದು ಪ್ರಶ್ನೆಯಾಗಿರಲಿಲ್ಲ, ಮಾವ ಕೇಳಿದ ಬಾಗಿನವೋ ಗದ್ದೆಯೋ ಎಂಬುದರ ಇನ್ನೊಂದು ರೂಪ. ಅಮೆರಿಕ, ಇಂಗ್ಲೆಂಡುಗಳಿಗೆ ಬಾಣಂತನಕ್ಕೆ ಹೋಗಿ, ಹಿಮದ ಕಿಟಕಿಯೊಳಗೆ ಕೂಸನ್ನು ಎತ್ತಿ ಆಡಿಸಿ, ವೀಸಾ ಮುಗಿಯುವ ತನಕ ದಿನ ಎಣಿಸುವ ನಮ್ಮ ಎಷ್ಟು ಅಜ್ಜಿಯರಿಗೆ ಈ ಪ್ರಶ್ನೆ ಕೇಳಲಾಗಿದೆಯೋ! ಅವ್ವನಿಗೆ ನನ್ನ ಮಗಳ ಮೇಲಿದ್ದ ಪ್ರೀತಿ ನಿಜವಾದ ಪ್ರೀತಿ. ನಾನು ಆ ಪ್ರೀತಿಯನ್ನು ಅವಳ ಕಾಲಿಗೆ ಕಟ್ಟಿದೆ. ನಾಲ್ಕು ವರ್ಷ ಅಟ್ಟದ ಗಂಟುಗಳಿಗೆ ಹೊಗೆ ತಾಗಲಿಲ್ಲ. ಊರಿಗೆ ವಾಪಸಾದಾಗ ಎಷ್ಟೋ ಬೀಜ ಮೊಳೆಯುವ ಶಕ್ತಿ ಕಳೆದುಕೊಂಡಿತ್ತು. ಆ ದಿನ ಅವ್ವ ಅತ್ತಳು ಎಂದು ನನ್ನ ಅಕ್ಕ ಹೇಳಿದ್ದು ಮೊನ್ನೆ, ಕಾರ್ಯದ ಮನೆಯಲ್ಲಿ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತೀರಿ. ನಾನು ಆಡುತ್ತಿರುವುದೂ ಅದನ್ನೇ. ಹಟ ಮಾಡಿದಳು, ಲೆಕ್ಕ ಇಟ್ಟಳು, ಬೈದಳು, ಬೀಜ ಕಾದಳು, ಬೇಕು ಎಂದಳು. ಇವು ಅವಳ ಗುಣಗಳು.

ಅಪ್ಪ ತೀರಿಕೊಂಡ ಮೇಲೆ ಅವ್ವನ ಹೆಸರಿಗೆ ಬಂದಿದ್ದ ಮೂರೂಕಾಲು ಎಕರೆಗೆ ಈಗ ಪೌತಿ ಖಾತೆ ಆಗಬೇಕು. ಅದಕ್ಕೆ ವಂಶವೃಕ್ಷ ಬೇಕು, ಅದರಲ್ಲಿ ಅಣ್ಣನ, ನನ್ನ ಹೆಸರಿನ ಜೊತೆ ಅಕ್ಕನ ಹೆಸರೂ ಬರುತ್ತದೆ. ಹೋದ ವಾರ ಅಣ್ಣ ಫೋನ್ ಮಾಡಿದ್ದ. ಪತ್ರ ಬರೆಯುವವರ ಹತ್ತಿರ ಮಾತಾಡಿದ್ದಾನಂತೆ, ಅಕ್ಕ ಬಂದು ಒಂದು ಸಹಿ ಹಾಕಿದರೆ ಮುಗಿಯಿತಂತೆ.

‘ಅವಳೇನೂ ಅನ್ನಲ್ಲ ಬಿಡು,’ ಎಂದ. ‘ಅವಳೂ ಅವ್ವನ ಹಂಗೇ. ದೊಡ್ಡ ಮನಸ್ಸು.’

ಅಕ್ಕನ ಹತ್ತಿರ ಕೇಳಿದೆಯಾ ಎಂದೆ. ಇಲ್ಲ ಎಂದ. ಹಾಗಾದರೆ ನಾನು ಸಹಿ ಹಾಕುವುದಿಲ್ಲ, ಮೂರು ಭಾಗವಾಗಿ ಬರೆಸು ಎಂದೆ. ಅವನು ಫೋನ್ ಇಟ್ಟ. ಆ ರಾತ್ರಿ ಅಕ್ಕನಿಗೆ ನಾನೇ ಫೋನ್ ಮಾಡಿದೆ. ನಿನಗೇನು ಬೇಕು ಎಂದು ಕೇಳಿದೆ. ಅವಳು ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಬಾವಿ ಕಡೆಯ ಭಾಗ, ಎಂದಳು.